ರಕ್ತನಾಳಕ್ಕೂ ಪೆಟ್ ಸ್ಕ್ಯಾನಾ? ನ್ಯೂಕ್ಲಿಯರ್ ಮೆಡಿಸಿನ್ ಡಾಕ್ಟರನ್ನು ಕೇಳಿ

ಡಾಕ್ಟರ್: ಇವತ್ತು ಸಂಜೆ ಎರಡು ಗಂಟೆ ಬಿಡುವಿದೆ. ರಕ್ತನಾಳದ ಉರಿಯೂತ, ಆಪರೇಷನ್ ಆದ ಮೇಲಿನ ಸ್ಕ್ಯಾನ್ ಬಗ್ಗೆ ಕೇಳಿ. ರಿಪೋರ್ಟ್ ಹಾಕುವವರು ಹೆಸರು ಮುಚ್ಚಿ ಹಾಕಿ.

ಅಡಿಕೆ ತೋಟ: ಅಪ್ಪನಿಗೆ ಪೆಟ್ ಸ್ಕ್ಯಾನ್ ಬರೆದಿದ್ದಾರೆ. ಅದು ಕ್ಯಾನ್ಸರ್‌ಗೆ ಮಾಡುವುದಲ್ವಾ? ಮನೆಯಲ್ಲಿ ಎಲ್ಲರೂ ಅಳುತ್ತಿದ್ದಾರೆ.

ಡಾಕ್ಟರ್: ಜಾಸ್ತಿ ಮಾಡುವುದು ಕ್ಯಾನ್ಸರ್‌ಗೆ, ಆದರೆ ಅದಕ್ಕೆ ಮಾತ್ರ ಅಲ್ಲ. ಚುಚ್ಚುವುದು ಸಕ್ಕರೆಯಂಥದ್ದೇ ಒಂದು ವಸ್ತು, ಎಫ್‌ಡಿಜಿ. ಸಕ್ಕರೆ ಜಾಸ್ತಿ ತಿನ್ನುವ ಕೋಶ ಎಲ್ಲಿದ್ದರೂ ಹೊಳೆಯುತ್ತದೆ. ಉರಿಯೂತ ಇರುವ ರಕ್ತನಾಳದ ಗೋಡೆಯಲ್ಲೂ ಅಂಥ ಕೋಶಗಳು ಸೇರಿಕೊಂಡಿರುತ್ತವೆ. ಯಾಕೆ ಬರೆದರು ಅಂತ ಬರೆದವರನ್ನೇ ಕೇಳಿ, ಆಮೇಲೆ ಅಳುವುದಾದರೆ ಅಳಿ.

ಬೆಣ್ಣೆ ದೋಸೆ: ಸ್ಕ್ಯಾನ್ ಮೊದಲು ಕಾಫಿ ಕುಡಿಯಬಹುದಾ ಸರ್?

ಡಾಕ್ಟರ್: ಇಲ್ಲ. 6 ಗಂಟೆ ಬರೀ ನೀರು.

ಕಾಫಿ ಕಣಿವೆ: ತಂಗಿಗೆ 26 ವರ್ಷ. ಆರು ತಿಂಗಳಿಂದ ಸುಸ್ತು, ಸಣ್ಣ ಜ್ವರ, ತೂಕ ಇಳಿದಿದೆ. ಬಟ್ಟೆ ಒಗೆದರೆ ಎಡಗೈ ಸೋತು ಬೀಳುತ್ತದೆ. ಬಿಪಿ ಬಲಗೈಯಲ್ಲಿ 150, ಎಡಗೈಯಲ್ಲಿ 90. ಉರಿಯೂತ ನೋಡುವ ರಕ್ತದ ಟೆಸ್ಟ್ ಇಎಸ್‌ಆರ್ ನಾರ್ಮಲ್. ಟಕಯಾಸು ಅನ್ನುವ ರಕ್ತನಾಳದ ಉರಿಯೂತ ಇರಬಹುದು ಅಂತ ಪೆಟ್ ಸಿಟಿ ಬರೆದಿದ್ದಾರೆ. ಸ್ಟೀರಾಯ್ಡ್ ನಾಳೆಯಿಂದ, ಸ್ಕ್ಯಾನ್ ಮೂರು ವಾರ ಬಿಟ್ಟು.

ಡಾಕ್ಟರ್: ಇದು ನನಗೆ ಚಿಂತೆ ತರಿಸಿತು. ಮೊದಲು ಫೋನ್ ಮಾಡಿ, ಆಮೇಲೆ ಉಳಿದದ್ದು ಓದಿ. ಸ್ಟೀರಾಯ್ಡ್ ಬರೆದ ಡಾಕ್ಟರಿಗೆ ಹೀಗೆ ಕೇಳಿ: ಸ್ಕ್ಯಾನ್ ಮೊದಲೇ ಆಗುತ್ತಾ, ಇಲ್ಲಾ ಶುರು ಮಾಡಿದ ಮೂರು ದಿನದೊಳಗೆ ಆಗುತ್ತಾ? ಸ್ಟೀರಾಯ್ಡ್ ಹತ್ತು ದಿನ ಹೊಟ್ಟೆಗೆ ಹೋದರೆ ಹೊಳಪು ಇಳಿಯುತ್ತದೆ. ಮೂರು ವಾರಕ್ಕೆ ಸ್ಕ್ಯಾನ್ ಸುಮ್ನೆ ಚೊಕ್ಕ ಕಾಣಬಹುದು, ಕಾಯಿಲೆ ಅಲ್ಲೇ ಇರುತ್ತದೆ. ಹಾಗಂತ ನೀವೇ ಮಾತ್ರೆ ಮುಂದಕ್ಕೆ ಹಾಕಬೇಡಿ. ಕಣ್ಣು ಮಂಜಾದರೆ, ಮಾತು ತೊದಲಿದರೆ ಸ್ಕ್ಯಾನ್‌ಗೂ ಕಾಯುವಂತಿಲ್ಲ, ಯಾವುದಕ್ಕೂ ಕಾಯುವಂತಿಲ್ಲ, ನೇರ ಎಮರ್ಜೆನ್ಸಿಗೆ.

ಇಎಸ್‌ಆರ್ ನಾರ್ಮಲ್ ಅಂತ ನಿರಾಳವಾಗಬೇಡಿ. ಈ ಕಾಯಿಲೆಯಲ್ಲಿ ರಕ್ತದ ಟೆಸ್ಟ್ ಸುಮ್ಮನಿದ್ದಾಗಲೂ ಗೋಡೆ ಉರಿಯುತ್ತಿರಬಹುದು. ಮಹಾಧಮನಿ ಮತ್ತು ಅದರ ಕೊಂಬೆಗಳ ಕಾಯಿಲೆ ಇದು. ಕೈಯಲ್ಲಿ ನಾಡಿ ಸಿಗದೇ ಹೋಗುತ್ತದೆ. ಹೆಸರು ಬಂದದ್ದು ಜಪಾನಿನ ಕಣ್ಣಿನ ಡಾಕ್ಟರ್ ಮಿಕಿಟೊ ಟಕಯಾಸು ಅವರಿಂದ. 1908ರಲ್ಲಿ ಒಬ್ಬ ಯುವತಿಯ ಕಣ್ಣಿನ ರಕ್ತನಾಳ ನೋಡಿ ವರದಿ ಮಾಡಿದ್ದರು. ಇನ್ನು ಮುಂದೆ ಬಿಪಿ ಬಲಗೈಯಲ್ಲೇ ನೋಡಿ ಅಂತ ಫೈಲ್ ಮೇಲೆ ದಪ್ಪಕ್ಕೆ ಬರೆಸಿ. ಎಡಗೈಯ 90 ನಂಬಿದರೆ ನಿಜವಾದ ಬಿಪಿಗೆ ಔಷಧಿಯೇ ಸಿಗುವುದಿಲ್ಲ.

ಕಷ್ಟ ಶುರುವಾಗುವುದು ವರ್ಷದ ನಂತರ. ಗೋಡೆ ಉರಿಯುವಾಗಲೂ ಹೊಳೆಯುತ್ತದೆ, ಮಾಯುವಾಗಲೂ ಮಿಣುಕು ಉಳಿಯುತ್ತದೆ. ಎರಡನ್ನೂ ಸ್ಕ್ಯಾನ್ ಬೇರೆ ಮಾಡಿ ಹೇಳುವುದಿಲ್ಲ. ಅದಕ್ಕೇ ಲಿವರ್ ಹೊಳಪಿನ ಜೊತೆ ಹೋಲಿಸುತ್ತೇವೆ, ಹಳೇ ಸ್ಕ್ಯಾನ್ ಪಕ್ಕದಲ್ಲಿಡುತ್ತೇವೆ. ಮೊದಲ ಸ್ಕ್ಯಾನೇ ಕೆಟ್ಟರೆ ಹೋಲಿಸುವುದಕ್ಕೆ ಏನಿದೆ? ಡೇಟ್ ಸಿಗದಿದ್ದರೆ ರಕ್ತನಾಳದ ಚಿತ್ರ ತೆಗೆಯುವ ಸಿಟಿ ಅಥವಾ ಎಂಆರ್ ಆಂಜಿಯೋ ಬಗ್ಗೆ ಕೇಳಿ.

ತುಂಗಾ ತೀರ: ಬೆಳ್ಳುಳ್ಳಿ, ಶುಂಠಿ, ನಿಂಬೆ ರಸ, ಆಪಲ್ ವಿನೆಗರ್, ಜೇನು ಕುದಿಸಿ ದಿನಾ ಮೂರು ಚಮಚ. ಎಲ್ಲಾ ಬ್ಲಾಕೂ ಕರಗುತ್ತದೆ. ಎಲ್ಲರಿಗೂ ಶೇರ್ ಮಾಡಿ 🙏

ಡಾಕ್ಟರ್: ಕರಗುವುದಿಲ್ಲ. ಟಕಯಾಸುವಿನಲ್ಲಿ ದಪ್ಪವಾಗುವುದು ಗೋಡೆ, ಒಳಗೆ ಕೊಳೆ ಕಟ್ಟಿದ ಪೈಪ್ ಅಲ್ಲ ತೊಳೆಯುವುದಕ್ಕೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಹೀಗೆ ಬೆಳ್ಳುಳ್ಳಿ ಕುಡಿದರೆ ರಕ್ತಸ್ರಾವ ಜಾಸ್ತಿಯಾಗಬಹುದು. ಸ್ಟೀರಾಯ್ಡ್ ಮೇಲೆ ವಿನೆಗರ್ ಸುರಿದರೆ ಹೊಟ್ಟೆ ಉರಿ ಬೇರೆ. ಶೇರ್ ಮಾಡಬೇಡಿ.

ತುಂಗಾ ತೀರ: ನಮ್ಮ ಅತ್ತೆಗೆ ವಾಸಿಯಾಗಿದೆ.

ಹುಬ್ಬಳ್ಳಿ ಮಿರ್ಚಿ: ಅತ್ತೆಗೆ ಸ್ಟೆಂಟ್ ಹಾಕಿದ್ದರು ಅಂತ ಹೋದ ತಿಂಗಳು ನೀವೇ ಬರೆದಿದ್ದಿರಿ!

ತುಂಗಾ ತೀರ: ಸ್ಟೆಂಟ್ ಹಾಕಿದ್ದೇ ದುಡ್ಡಿಗಾಗಿ. ಆಯುರ್ವೇದ ಕಂಡರೆ ಇಂಗ್ಲಿಷ್ ಡಾಕ್ಟರಿಗೆ ಹೊಟ್ಟೆಕಿಚ್ಚು.

ಹುಬ್ಬಳ್ಳಿ ಮಿರ್ಚಿ: ಆಪಲ್ ವಿನೆಗರ್ ಯಾವ ಆಯುರ್ವೇದದಲ್ಲಿದೆ ಮಾರಾಯ್ರೆ?

ಗಿರಿಜನ್ನೆ: ಬೈಪಾಸ್ ಆದ ಮೇಲೆ ಹೃದಯಕ್ಕೆ ರಕ್ತ ಹೋಗುವುದನ್ನು ನೋಡುವ ಥಾಲಿಯಂ ಟೆಸ್ಟ್ ಎಷ್ಟು ವರ್ಷಕ್ಕೊಮ್ಮೆ ಸರ್?

ಹಾಸನದ ಹುಡುಗ: ಅಪ್ಪನ ಮಹಾಧಮನಿಗೆ ಬಟ್ಟೆಯ ಗ್ರಾಫ್ಟ್ (ಕೃತಕ ನಾಳ) ಹಾಕಿ 3 ತಿಂಗಳು. ಪೆಟ್‌ನಲ್ಲಿ ಗ್ರಾಫ್ಟ್ ಸುತ್ತ ಹೊಳಪು, ರಿಪೋರ್ಟ್‌ನಲ್ಲಿ ಸೋಂಕು ಇರಬಹುದು ಅಂತಿದೆ. ಜ್ವರ ಇಲ್ಲ.

ಡಾಕ್ಟರ್: 3 ತಿಂಗಳಿಗೆ ಹೊಳೆಯದಿದ್ದರೇ ಆಶ್ಚರ್ಯ. ದೇಹ ಆ ಬಟ್ಟೆಯ ಜೊತೆ ಇನ್ನೂ ಜಗಳ ಆಡುತ್ತಿರುತ್ತದೆ. ಸುತ್ತಲೂ ಸಮನಾಗಿ, ತೆಳುವಾಗಿ ಹೊಳೆದರೆ ಸಾಮಾನ್ಯವಾಗಿ ಅದೇ. ಒಂದೇ ಕಡೆ ಗಂಟಿನ ಹಾಗೆ ಉರಿದರೆ, ಸಿಟಿಯಲ್ಲಿ ಅಲ್ಲೇ ಗಾಳಿ ಅಥವಾ ಕೀವು ಕಂಡರೆ ಭಯಪಡಬೇಕು. ಬ್ಲಡ್ ಕಲ್ಚರ್ ಮಾಡಿಸಿ, ರಿಪೋರ್ಟನ್ನು ಸರ್ಜನ್‌ಗೆ ತೋರಿಸಿ. ಜ್ವರ, ಚಳಿ ಬಂದರೆ ಅದೇ ದಿನ ಹೋಗಿ.

ಅಡಿಕೆ ತೋಟ: ರೇಡಿಯೇಷನ್ ಮೈಯಲ್ಲೇ ಉಳಿಯುತ್ತಾ?

ಡಾಕ್ಟರ್: ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತದೆ. ಮರುದಿನಕ್ಕೆ ಲೆಕ್ಕಕ್ಕಿಲ್ಲ.

ಬೆಣ್ಣೆ ದೋಸೆ: ಸಕ್ಕರೆ ಇಲ್ಲದ ಕಾಫಿ?

ಡಾಕ್ಟರ್: ನೀರು. ನೀರು ಅಂದರೆ ನೀರು.

ತುಂಗಾ ತೀರ: ರೇಡಿಯೇಷನ್ ಹೊರಹಾಕಲು ಅರಳಿ ಎಲೆ ಕಷಾಯ...

ಡಾಕ್ಟರ್: ಅಡ್ಮಿನ್, ದಯವಿಟ್ಟು ಇವರನ್ನು ಸ್ವಲ್ಪ ನೋಡಿಕೊಳ್ಳಿ.

ಗಿರಿಜನ್ನೆ: ಸರ್, ನನ್ನ ಥಾಲಿಯಂ ಪ್ರಶ್ನೆ?

ಹುಬ್ಬಳ್ಳಿ ಮಿರ್ಚಿ: ಅತ್ತೆಯವರ ಫೋನ್ ನಂಬರ್ ಕೊಡಿ, ಅವರನ್ನೇ ಕೇಳೋಣ.

ತುಂಗಾ ತೀರ: ಬಾಯಿ ಬಿಗಿ ಹಿಡಿದು ಮಾತಾಡಿ.

ಕಾಫಿ ಕಣಿವೆ: ಸರ್, ಫೋನ್ ಮಾಡಿದೆ. ಮಂಗಳವಾರ ಬೆಳಿಗ್ಗೆ ಸ್ಕ್ಯಾನ್ ಸಿಕ್ಕಿತು. ಅದು ಮುಗಿದ ಕೂಡಲೇ ಸ್ಟೀರಾಯ್ಡ್ ಅಂದರು.

ಡಾಕ್ಟರ್: ಒಳ್ಳೆಯದಾಯಿತು. ಹಿಂದಿನ ದಿನ ಬಟ್ಟೆ ಒಗೆಯುವುದು ಬೇಡ, ದುಡಿದ ಸ್ನಾಯು ಹೊಳೆಯುತ್ತದೆ. ಗರ್ಭಿಣಿ ಇರಬಹುದು ಅನ್ನುವ ಅನುಮಾನವಿದ್ದರೆ ಮೊದಲೇ ಹೇಳಬೇಕು. ಮತ್ತೆ ಸ್ವೆಟರ್ ಹಾಕಿಸಿ ಕರೆದುಕೊಂಡು ಬನ್ನಿ. ನಿಮ್ಮ ಕಡೆ ಬೆಳಗಿನ ಚಳಿ ಜಾಸ್ತಿ. ಚಳಿಯಾದರೆ ಈ ವಯಸ್ಸಿನವರ ಕತ್ತಿನ ಕೊಬ್ಬು ಹೊಳೆಯುತ್ತದೆ, ನಾನು ನೋಡಬೇಕಾದ ರಕ್ತನಾಳವೂ ಅದರ ಪಕ್ಕದಲ್ಲೇ ಇದೆ.

ಬೆಣ್ಣೆ ದೋಸೆ: ಟೀ?