ಡಯಾಲಿಸಿಸ್ ಆಗುತ್ತಿರುವ ತಂದೆಯವರೊಂದಿಗೆ ಪಂಢರಪುರಕ್ಕೆ: ಯಾವ ಕಾಗದಗಳನ್ನು ಒಯ್ಯಬೇಕು?

ಸಿಂಧನೂರಿನವ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 68 ವರ್ಷ. ಎರಡು ವರ್ಷಗಳಿಂದ ರಾಯಚೂರಿನಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ನಡೆಯುತ್ತಿದೆ. ಕಿಡ್ನಿ ಕೆಡುವ ಮೊದಲು ವರ್ಷಕ್ಕೊಮ್ಮೆ ತಪ್ಪದೆ ಪಂಢರಪುರಕ್ಕೆ ಹೋಗುತ್ತಿದ್ದವರು, ಈ ಕಾರ್ತಿಕದಲ್ಲಿ ಒಮ್ಮೆ ವಿಠ್ಠಲನ ದರ್ಶನ ಮಾಡಿಸು ಎಂದು ಪಟ್ಟು ಹಿಡಿದಿದ್ದಾರೆ. ಡಾಕ್ಟರು ಒಪ್ಪಿದ್ದಾರೆ. ಶುಕ್ರವಾರದ ಡಯಾಲಿಸಿಸ್ ಮುಗಿಸಿ ಶನಿವಾರ ರೈಲು ಹತ್ತಿ, ಭಾನುವಾರ ದರ್ಶನ ಮಾಡಿಸಿ, ಸೋಮವಾರದ ಸರದಿಯನ್ನು ಸೊಲ್ಲಾಪುರದಲ್ಲಿ ಮುಗಿಸುವ ಯೋಚನೆ ಇದೆ. ನಮ್ಮ ಬಳಿ ಇರುವ ಫೈಲಿನಲ್ಲಿ ಹಳೆಯ ಸ್ಕ್ಯಾನಿಂಗ್, ಔಷಧದ ಬಿಲ್ಲು, ಕಳೆದ ವರ್ಷದ ಡಿಸ್ಚಾರ್ಜ್ ಸಮರಿ ಎಲ್ಲವೂ ಸೇರಿ ಗೇಣುದ್ದ ಎತ್ತರವಾಗಿದೆ. ಅದನ್ನು ಇಡಿಯಾಗಿ ಹೊತ್ತೊಯ್ಯಬೇಕೆ?

ಬಳ್ಳಾರಿ ಟೆಕ್ನಿಷಿಯನ್

ಸರ್, ಆ ಫೈಲು ಮನೆಯಲ್ಲೇ ಇರಲಿ. ಹೊರಊರಿನ ರೋಗಿ ಬಂದಾಗ ನಾವು ಮೊದಲು ಕೇಳುವುದು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ಪರೀಕ್ಷೆಯ ರಿಪೋರ್ಟುಗಳನ್ನು. ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಯಂತ್ರವನ್ನೇ ಇಡಬೇಕಾಗುವುದರಿಂದ, ಈ ರಿಪೋರ್ಟು ನೋಡದೆ ಯಾರನ್ನೂ ಯಂತ್ರಕ್ಕೆ ಹಚ್ಚಲು ನಾವು ಹಿಂಜರಿಯುತ್ತೇವೆ. ಎಷ್ಟು ಹಳೆಯ ರಿಪೋರ್ಟು ನಡೆಯುತ್ತದೆ ಎಂಬುದು ಒಂದೊಂದು ಕಡೆ ಒಂದೊಂದು ತೆರನಾಗಿರುತ್ತದೆ. ಸೊಲ್ಲಾಪುರದವರಿಗೆ ಈಗಲೇ ಫೋನ್ ಮಾಡಿ ಕೇಳಿ, ಸೋಮವಾರದ ಸಮಯವನ್ನೂ ಗೊತ್ತು ಮಾಡಿಕೊಳ್ಳಿ. ಆಯುಷ್ಮಾನ್ ಕಾರ್ಡ್ ಇದ್ದರೆ ಅಲ್ಲಿ ಅದು ನಡೆಯುತ್ತದೆಯೇ ಎಂಬುದನ್ನೂ ಅದೇ ಫೋನಿನಲ್ಲಿ ವಿಚಾರಿಸಿ.

ಇದರಷ್ಟೇ ಮುಖ್ಯವಾದದ್ದು ಡ್ರೈ ವೇಟ್, ಅಂದರೆ ಮೈಯಲ್ಲಿ ಹೆಚ್ಚುವರಿ ನೀರು ಇಲ್ಲದಿದ್ದಾಗಿನ ತೂಕ. ಉದಾಹರಣೆಗೆ ಅದು 60 ಕಿಲೋ ಎಂದಿಟ್ಟುಕೊಳ್ಳಿ. ಅಲ್ಲಿನ ತೂಕದ ಯಂತ್ರ 62.5 ತೋರಿಸಿದರೆ ಸುಮಾರು ಎರಡೂವರೆ ಲೀಟರ್ ನೀರು ತೆಗೆಯಬೇಕೆಂದು ಲೆಕ್ಕ ಸಿಗುತ್ತದೆ. ಆ ಅಂಕಿ ಗೊತ್ತಿಲ್ಲದಿದ್ದರೆ ಅಂದಾಜಿನ ಮೇಲೆ ನಡೆಯಬೇಕಾಗುತ್ತದೆ: ಹೆಚ್ಚು ತೆಗೆದರೆ ಬಿಪಿ ಕುಸಿದು ಕಾಲು ಸೆಳೆಯುತ್ತದೆ, ಕಡಿಮೆ ತೆಗೆದರೆ ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತದೆ. ಕಡೆಯ ಮೂರು ಸರದಿಗಳ ಚಾರ್ಟಿನ ನಕಲನ್ನು ನಿಮ್ಮ ಸೆಂಟರಿನಲ್ಲೇ ಕೇಳಿ ಪಡೆಯಿರಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ರಮಾಣ, ರಕ್ತ ಸೋಸುವ ಡಯಲೈಸರ್ ಯಾವುದು, ನಡುವೆ ಬಿಪಿ ಹೇಗಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಮಾತ್ರೆಗಳಿಗೆ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆಸಿರಿ, ಏಕೆಂದರೆ ನಮ್ಮ ಅಂಗಡಿಯಲ್ಲಿ ಸಿಗುವ ಬ್ರ್ಯಾಂಡ್ ಅಲ್ಲಿ ಸಿಗದಿರಬಹುದು.

ಕೊಪ್ಪಳದ ಮಗಳು

ಅಣ್ಣಾವ್ರೆ, ನಮ್ಮ ಅವ್ವನಿಗೂ ಡಯಾಲಿಸಿಸ್ ಆಗುತ್ತದೆ. ಒಂದು ಮದುವೆಗೆ ಹೋದಾಗ ಅವರಿಗೆ ತಲೆಸುತ್ತು ಬಂದು ಆ ಊರಿನ ಸಣ್ಣ ಕ್ಲಿನಿಕ್ಕಿಗೆ ಕರೆದೊಯ್ದೆವು. ನಾನು ಹೊರಗೆ ಹಣ ಕಟ್ಟಿ ಒಳಗೆ ಬರುವಷ್ಟರಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಎಡಗೈಗೇ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದರು. ಅವ್ವನಿಗೆ ಬೇಡವೆನ್ನಲೂ ತ್ರಾಣವಿರಲಿಲ್ಲ. ಫೈಲು ಬೀಗರ ಮನೆಯ ಟ್ರಂಕಿನಲ್ಲಿತ್ತು. ಪುಣ್ಯಕ್ಕೆ ಫಿಸ್ಟುಲಾದ ಮೇಲೆ ಬೆರಳಿಟ್ಟು ನೋಡಿದಾಗ, ರಕ್ತ ಹರಿಯುವಾಗ ಸಿಗುವ, ಹಿಟ್ಟಿನ ಗಿರಣಿಯ ಗೋಡೆ ಮುಟ್ಟಿದಂತಹ ಆ ನಡುಕ ಹಾಗೆಯೇ ಇತ್ತು. ಅದು ನಿಂತಿದ್ದರೆ ಫಿಸ್ಟುಲಾ ಮುಚ್ಚಿದೆಯೇ ಎಂದು ಕೂಡಲೇ ತೋರಿಸಬೇಕಾಗುತ್ತಿತ್ತು.

ಅಂದಿನಿಂದ "ಡಯಾಲಿಸಿಸ್ ರೋಗಿ, ಎಡಗೈಗೆ ಬಿಪಿ, ಸೂಜಿ, ಸಲೈನ್ ಬೇಡ" ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದ ಚೀಟಿಯನ್ನು ಅವರ ಬಳಿಯೇ ಇಡುತ್ತೇವೆ. ನೀವು ಮರಾಠಿಯಲ್ಲೂ ಬರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಪ್ಪಾಜಿಯವರ ಅಂಗಿಯ ಜೇಬಿನಲ್ಲಿಡಿ. ಸೀಟಿನ ಕೆಳಗಿನ ಬ್ಯಾಗಿನಲ್ಲಿಟ್ಟ ಕಾಗದ ಆ ಹೊತ್ತಿಗೆ ಕೈಗೆ ಸಿಗುವುದಿಲ್ಲ.

ಸಿಂಧನೂರಿನವ

ಅಕ್ಕಾವ್ರೆ, ಸರ್, ಇಬ್ಬರಿಗೂ ಧನ್ಯವಾದ. ನೀವು ಹೇಳಿದ್ದನ್ನೆಲ್ಲ ಸೆಂಟರಿನಲ್ಲಿ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳುತ್ತೇನೆ. ಇನ್ನೊಂದು ಪ್ರಶ್ನೆ: ದರ್ಶನ ಆಗುವವರೆಗೆ ಉಪವಾಸವಿದ್ದು ಫಲಾಹಾರವನ್ನಷ್ಟೇ ತೆಗೆದುಕೊಳ್ಳುತ್ತೇನೆ ಎಂದು ತಂದೆಯವರು ಹೇಳುತ್ತಿದ್ದಾರೆ. ಇದನ್ನೂ ಆ ಹಾಳೆಯಲ್ಲಿ ಬರೆಸಬೇಕೆ?

ಬಳ್ಳಾರಿ ಟೆಕ್ನಿಷಿಯನ್

ಹಾಳೆಯಲ್ಲಿ ಬರೆಯುವುದಕ್ಕಿಂತ ಮೊದಲು ಡಾಕ್ಟರಿಗೆ ಹೇಳಿ, ಸರ್. ಉಪವಾಸದ ತಿನಿಸೆಂದರೆ ಬಾಳೆಹಣ್ಣು, ಆಲೂಗಡ್ಡೆ, ಶೇಂಗಾ ಹಾಕಿದ ಸಾಬುದಾನಿ. ದಾರಿಯಲ್ಲಿ ಎಳನೀರು ಬೇರೆ. ಸಾಬುದಾನಿಯೊಂದನ್ನು ಬಿಟ್ಟರೆ ಎಲ್ಲದರಲ್ಲೂ ಪೊಟ್ಯಾಸಿಯಂ ಜಾಸ್ತಿ; ಕೆಟ್ಟ ಕಿಡ್ನಿ ಅದನ್ನು ಹೊರಹಾಕದೆ ರಕ್ತದಲ್ಲಿ ಏರಿದರೆ ಎದೆಬಡಿತ ಕೆಡುತ್ತದೆ. ಅದರಲ್ಲೂ ಶುಕ್ರವಾರದಿಂದ ಸೋಮವಾರದವರೆಗಿನ ಅಂತರವೇ ವಾರದಲ್ಲಿ ದೊಡ್ಡದು. ಹಾಳೆಯಲ್ಲಿ ಕಡೆಯ ಪೊಟ್ಯಾಸಿಯಂ ಅಂಕಿ ಮತ್ತು ತಾರೀಖು ಇರಲಿ. ಕೈಕಾಲು ಸೋತು ಎದೆಬಡಿತ ಏರುಪೇರಾದರೆ ಸೋಮವಾರದವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಡಯಾಲಿಸಿಸ್ ರೋಗಿ ಎಂದು ಮೊದಲೇ ಹೇಳಿ ಇಸಿಜಿ ಮಾಡಿಸಬೇಕು. ಮಂಡಿನೋವೆಂದು ಅಂಗಡಿಯಲ್ಲಿ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕೊಂಡು ನುಂಗುವುದೂ ಬೇಡ.

ಸಿಂಧನೂರಿನವ

ಇಂದು ಸೆಂಟರಿನಲ್ಲಿ ಹಾಳೆ ಬರೆಸಿಕೊಂಡು ಬಂದೆ. ಡ್ರೈ ವೇಟ್ 53.5 ಎಂದು ಬರೆದಿದ್ದಾರೆ. ನಾನು ಒಯ್ಯಬೇಕೆಂದಿದ್ದ ಡಿಸ್ಚಾರ್ಜ್ ಸಮರಿಯಲ್ಲಿ 57 ಎಂದಿತ್ತು. ವರ್ಷದಲ್ಲಿ ಮೈ ಇಳಿದಿದೆಯೆಂದು ಅವರು ಎರಡು ಸಲ ಬದಲಿಸಿದ್ದು ನಮಗೆ ತಿಳಿದೇ ಇರಲಿಲ್ಲ. ಆ ಹಳೆಯ ಕಾಗದವನ್ನು ಫೈಲಿನಿಂದ ತೆಗೆದು ಬೇರೆ ಇಟ್ಟಿದ್ದೇನೆ.