ಕಾನೂನು ಬೋಧನೆಯ ಜೊತೆಗೆ ದೌರ್ಜನ್ಯಕ್ಕೊಳಗಾದ ಮಹಿಳೆಯರ ಪರ ಕೆಲಸ ಮಾಡಬಹುದೇ?

ಪ್ರಶ್ನೆ: ಎಲ್‌ಎಲ್‌.ಎಂ. ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಕೌಟುಂಬಿಕ ಕಾನೂನನ್ನು ವಿಶೇಷವಾಗಿ ಅಭ್ಯಾಸ ಮಾಡುತ್ತಿದ್ದು, ಮುಂದೆ ಕಾನೂನು ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾಗಬೇಕೆಂದಿದ್ದೇನೆ. ಆದರೆ ಮನೆಯೊಳಗೇ ಹೊಡೆತ ತಿನ್ನುವ ಹೆಣ್ಣುಮಕ್ಕಳ ಪರವಾಗಿ ನಿಲ್ಲುವ ಕೆಲಸವನ್ನು ಬಿಡಲು ಮನಸ್ಸಿಲ್ಲ. ಕಾಯಂ ಅಧ್ಯಾಪಕರು ವಕಾಲತ್ತು ಹಾಕುವಂತಿಲ್ಲ ಎನ್ನುತ್ತಾರೆ. ಹಾಗಾದರೆ ಪಾಠಕ್ಕೆ ನಿಂತ ಮೇಲೆ ನ್ಯಾಯಾಲಯದ ನಂಟು ಕಡಿದೇಹೋಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕಾನೂನು ಅಧ್ಯಾಪಕಿ, ಚಿತ್ರದುರ್ಗ

ನೀವು ಕೇಳಿರುವುದು ನಿಜ. ಪೂರ್ಣಾವಧಿ ಸಂಬಳದ ಹುದ್ದೆಯಲ್ಲಿರುವವರು ವಕೀಲಿ ವೃತ್ತಿ ನಡೆಸಲು ವಕೀಲರ ಪರಿಷತ್ತಿನ ನಿಯಮ ಬಿಡುವುದಿಲ್ಲ. ವೃತ್ತಿಯಲ್ಲಿರುವ ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಪಾಠ ಮಾಡಲು 1979ರ ನಿಯಮಗಳಲ್ಲಿ ಅವಕಾಶವಿದೆ. ಎರಡರಲ್ಲಿ ಯಾವುದನ್ನು ಮುಖ್ಯ ಮಾಡಿಕೊಳ್ಳುತ್ತೀರಿ ಎಂಬುದನ್ನು ನೀವೇ ತೀರ್ಮಾನಿಸಬೇಕು.

ಆದರೆ ಕರಿ ಕೋಟು ತೊಡದ ಅಧ್ಯಾಪಕರಿಂದ ಏನಾಗುತ್ತದೆ ಎಂದು ಕೈಚೆಲ್ಲಬೇಡಿ. ಠಾಣೆಯಲ್ಲಿ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ಎಸಗಿದ ಆರೋಪದಿಂದ ಪೊಲೀಸರನ್ನು ಖುಲಾಸೆಗೊಳಿಸಿದ ಮಥುರಾ ಪ್ರಕರಣದ ತೀರ್ಪನ್ನು ಪ್ರಶ್ನಿಸಿ 1979ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದ ನಾಲ್ವರು ಕಾನೂನು ಅಧ್ಯಾಪಕರಲ್ಲಿ ಲೋತಿಕಾ ಸರ್ಕಾರ್ ಒಬ್ಬರು. ಆ ಪತ್ರದಿಂದ ಎದ್ದ ಚರ್ಚೆ 1983ರ ಅತ್ಯಾಚಾರ ಕಾನೂನಿನ ತಿದ್ದುಪಡಿಯವರೆಗೆ ಮುಟ್ಟಿತು. ಪಾಠ ಹೇಳುವವರು ತೀರ್ಪನ್ನು ಓದಿ, ಇದು ತಪ್ಪು ಎಂದು ಕಾರಣ ಸಹಿತ ಬರೆಯುವುದೂ ಹೋರಾಟವೇ.

ಉತ್ತರ 2: ವಕೀಲರು, ದಾವಣಗೆರೆ

ಮೇಡಂ ಹೇಳಿದ್ದಕ್ಕೆ ನ್ಯಾಯಾಲಯದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಮಿನಡಿ ಸಲ್ಲಿಸುವ ಅರ್ಜಿಗೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ನಿಗದಿಯಾಗಬೇಕು. ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಇತ್ಯರ್ಥಗೊಳಿಸಲು ಪ್ರಯತ್ನಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ದಿನಗೂಲಿ ಮಾಡುವ ಹೆಣ್ಣುಮಗಳಿಗೆ ಪ್ರತಿ ವಾಯಿದೆಯೂ ಒಂದು ದಿನದ ಕೂಲಿಯ ನಷ್ಟ ಎಂಬುದನ್ನು ನೆನೆದರೆ ಈ ಗಡುವಿನ ಬೆಲೆ ತಿಳಿಯುತ್ತದೆ.

ವಿಳಂಬಕ್ಕೆ ನ್ಯಾಯಾಲಯದ ಕೆಲಸದ ಹೊರೆಯಷ್ಟೇ ಅಲ್ಲ, ಅರ್ಜಿಯ ಬರವಣಿಗೆಯೂ ಕಾರಣ. ‘ಗಂಡ ಕಿರುಕುಳ ಕೊಟ್ಟನು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ ಅರ್ಜಿಗಳು ನನ್ನ ಕೈಗೆ ಬರುತ್ತಲೇ ಇವೆ. ಯಾವ ರಾತ್ರಿ ಹೊರಗೆ ಹಾಕಿದರು, ಹೊಲಿಗೆ ಯಂತ್ರ ಯಾರ ಬಳಿ ಉಳಿಯಿತು, ತವರಿನ ಹಿತ್ತಾಳೆ ಪಾತ್ರೆಗಳು ಎಷ್ಟು, ಮಗುವಿನ ಶಾಲಾ ದಾಖಲೆ ಎಲ್ಲಿದೆ ಎಂಬುದೆಲ್ಲ ಬರೆದಿದ್ದರೆ, ಸ್ತ್ರೀಧನ ಹಿಂದಿರುಗಿಸಲು 19ನೇ ಕಲಮಿನಡಿಯೂ ಮಧ್ಯಂತರ ಪರಿಹಾರಕ್ಕೆ 23ನೇ ಕಲಮಿನಡಿಯೂ ಗಟ್ಟಿಯಾಗಿ ಕೇಳಬಹುದು. ಇದನ್ನು ಕಲಿಸುವ ಅಧ್ಯಾಪಕರು ನಮಗೆ ಬೇಕು. ಅತ್ತೆ ಮಾವನ ಹೆಸರಿನಲ್ಲಿರುವ ಮನೆಯಲ್ಲೂ ಸೊಸೆಗೆ ವಾಸದ ಹಕ್ಕು ಇರಬಹುದೆಂದು 2020ರ ಸತೀಶ್ ಚಂದರ್ ಅಹುಜಾ ತೀರ್ಪು ಹೇಳಿದ ಮೇಲೂ ಅಂಥ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲ ಎಂದಿದ್ದ ಹಳೆಯ ಬಾತ್ರಾ ತೀರ್ಪನ್ನೇ ಹಿಡಿದು ವಾದಿಸುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಉತ್ತರ 3: ಆಪ್ತ ಸಮಾಲೋಚಕಿ, ಚಳ್ಳಕೆರೆ

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ‘ಇವತ್ತು ರಾತ್ರಿ ಎಲ್ಲಿ ಮಲಗಲಿ’ ಎಂದೇ ಹೊರತು ಕಾನೂನನ್ನಲ್ಲ. ನಿಮ್ಮ ವಿದ್ಯಾರ್ಥಿಗಳು ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ಕಚೇರಿಗೆ ಹೋಗಿ, ನಡೆದ ದೌರ್ಜನ್ಯವನ್ನು ದಾಖಲಿಸುವ ಕೌಟುಂಬಿಕ ಘಟನೆ ವರದಿ ತಯಾರಾಗುವುದನ್ನು ಕಣ್ಣಾರೆ ನೋಡಲಿ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ ಎಂಬುದು ಹಳ್ಳಿಗಳಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಅದನ್ನು ಹೇಳಲು ವಕಾಲತ್ತು ಬೇಡ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹುದ್ದೆಗೆ ಸಿದ್ಧತೆ ಹೇಗಿರಬೇಕು?

ಉತ್ತರ 1ರ ಅಧ್ಯಾಪಕಿ

ಎಲ್‌ಎಲ್‌.ಎಂ.ನಲ್ಲಿ ಶೇ. 55 ಅಂಕಗಳೊಂದಿಗೆ ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಮುಗಿಸಿಕೊಳ್ಳಿ. ಈಗಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರೆಕಾನೂನು ಸ್ವಯಂಸೇವಕಿಯಾಗಲು (ಪ್ಯಾರಾ ಲೀಗಲ್ ವಾಲಂಟಿಯರ್) ಅರ್ಜಿ ಹಾಕಿ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ಮೂರು ದಿನದ ಗಡುವು ನಮ್ಮ ಎರಡು ಜಿಲ್ಲೆಗಳಲ್ಲಿ ಎಲ್ಲಿ ತಪ್ಪುತ್ತಿದೆ ಎಂಬುದನ್ನೇ ಎತ್ತಿಕೊಳ್ಳಿ.