ಪದಚರ್ಚೆ: ‘ಮೂಲ ಪ್ರಮಾಣಪತ್ರ’ ಅಂದರೆ ರೂಟ್ ಸರ್ಟಿಫಿಕೇಟೋ, ಒರಿಜಿನಲ್ ಸರ್ಟಿಫಿಕೇಟೋ?

ಬಳಗದ ಎಲ್ಲರಿಗೂ ನಮಸ್ಕಾರ.

ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿರುವ ಮಕ್ಕಳಿಗಾಗಿ ಓಪನ್‌ಎಸ್‌ಎಸ್‌ಎಲ್ ಬಳಕೆಯ ಬಗ್ಗೆ ಕನ್ನಡದಲ್ಲೊಂದು ಲ್ಯಾಬ್ ಕೈಪಿಡಿ ಬರೆಯುತ್ತಿದ್ದೇನೆ. ಇವರಲ್ಲಿ ಹೆಚ್ಚಿನವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಿಂದ ಬಂದವರು. ಕಮಾಂಡುಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಆ ಕಮಾಂಡು ಏನು ಮಾಡಿತು, ತೆರೆಯ ಮೇಲೆ ಬಂದ ದೋಷದ ಸಾಲು ಏನು ಹೇಳುತ್ತಿದೆ ಎಂದು ಕನ್ನಡದಲ್ಲಿ ವಿವರಿಸಲು ಹೊರಟಾಗ ಕೆಲವು ಪದಗಳು ಅಡ್ಡ ನಿಲ್ಲುತ್ತವೆ. ಎಲ್ಲವೂ ನಮಗೆ ಚೆನ್ನಾಗಿ ಗೊತ್ತಿರುವ ಪದಗಳೇ. ತಾಲ್ಲೂಕು ಕಚೇರಿ, ಕೋರ್ಟು, ಶಾಲೆಗಳು ಅವಕ್ಕೆ ಬೇರೆ ಅರ್ಥ ಕೊಟ್ಟು ಎಷ್ಟೋ ಕಾಲವಾಗಿದೆ, ತೊಡಕು ಅಲ್ಲೇ ಇರುವುದು.

ಈ ತಂತ್ರಾಂಶದ ಪರಿಚಯ ಇಲ್ಲದವರಿಗೆ ಎರಡು ಮಾತು. ವೆಬ್ ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂದು ಬರುತ್ತದಲ್ಲ, ಅದರ ಕೊನೆಯ ‘ಎಸ್’ ಹೇಳುವ ಭದ್ರತೆಯನ್ನು ಅಸಂಖ್ಯ ಸರ್ವರುಗಳಲ್ಲಿ ಒದಗಿಸುತ್ತಿರುವುದು ಓಪನ್‌ಎಸ್‌ಎಸ್‌ಎಲ್. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಬರೆದಿದ್ದ ತಂತ್ರಾಂಶವೊಂದು 1998ರಲ್ಲಿ ಈ ಹೆಸರಿನಲ್ಲಿ ಮುಂದುವರಿಯಿತು. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಸಿಕ್ಕಿ ಲೋಕವೆಲ್ಲ ಸುದ್ದಿಯಾಯಿತಲ್ಲ, ಅದು ಇದರಲ್ಲಿದ್ದದ್ದೇ. ಕೀಲಿ ತಯಾರಿಸುವುದು, ಪ್ರಮಾಣಪತ್ರಕ್ಕೆ (ಈ ಸರ್ವರು ಇಂಥವರದ್ದೇ ಎಂದು ಖಾತ್ರಿ ಹೇಳುವ ಡಿಜಿಟಲ್ ಪತ್ರ) ಅರ್ಜಿ ಬರೆಯುವುದು, ಬಂದ ಪ್ರಮಾಣಪತ್ರವನ್ನು ಬಿಡಿಸಿ ಓದುವುದು, ಫೈಲಿಗೆ ಸಹಿ ಹಾಕುವುದು, ಎಲ್ಲವನ್ನೂ ಕಮಾಂಡ್ ಸಾಲಿನಲ್ಲೇ ಮಾಡಬಹುದು. ಮೌಸಿನ ಕೆಲಸ ಇಲ್ಲವೇ ಇಲ್ಲ, ಹಾಗಾಗಿ ಮಕ್ಕಳಿಗೆ ಸಿಗುವ ಆಸರೆ ಪದಗಳದ್ದೊಂದೇ.

ಮೊದಲು ‘ಮೂಲ ಪ್ರಮಾಣಪತ್ರ’. ರೂಟ್ ಸರ್ಟಿಫಿಕೇಟಿಗೆ ಸುಲಭವಾಗಿ ಹೊಳೆಯುವ ಅನುವಾದ ಇದೇ. ಆದರೆ ಕಾಲೇಜಿಗೆ ಸೇರುವಾಗ ‘ಮೂಲ ಪ್ರಮಾಣಪತ್ರಗಳನ್ನು ಹಾಜರುಪಡಿಸಬೇಕು’ ಎಂದು ಸೂಚನಾ ಫಲಕದಲ್ಲಿ ಹಾಕಿರುತ್ತಾರೆ. ಅಲ್ಲಿ ಮೂಲ ಅಂದರೆ ಒರಿಜಿನಲ್. ಲ್ಯಾಬಿನಲ್ಲಿ ಎಸ್_ಕ್ಲೈಂಟ್ ಕಮಾಂಡಿನಿಂದ ಒಂದು ಸರ್ವರಿಗೆ ಸಂಪರ್ಕ ಮಾಡಿದಾಗ ದೋಷ ಸಂಖ್ಯೆ 20 ಬಂತು. ಪ್ರಮಾಣಪತ್ರ ಕೊಟ್ಟವರ ಪ್ರಮಾಣಪತ್ರ ಈ ಯಂತ್ರದಲ್ಲಿ ಸಿಗಲಿಲ್ಲ ಎಂಬುದು ಅದರ ಅರ್ಥ. ‘ಮೂಲ ಪ್ರಮಾಣಪತ್ರ ಸಿಕ್ಕಿಲ್ಲ’ ಎಂದು ಹೇಳುತ್ತಿದ್ದಂತೆ ಮಧುಗಿರಿಯ ಹುಡುಗಿಯೊಬ್ಬಳು ಕೇಳಿದಳು: ‘ಹಂಗಾದ್ರೆ ಸಾರ್, ಸರ್ವರ್ ಕಳ್ಸಿರೋದು ಬರೀ ಜೆರಾಕ್ಸಾ?’

ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ಆ ಪದ ಅವಳಿಗೆ ಹೇಳಿದ್ದೇ ಅದನ್ನು. ವಿಷಯ ಮಾತ್ರ ಪೂರ್ತಿ ಬೇರೆ. ಡಿಜಿಟಲ್ ಪ್ರಮಾಣಪತ್ರದಲ್ಲಿ ಒರಿಜಿನಲ್, ನಕಲು ಎಂಬ ಭೇದವೇ ಇಲ್ಲ, ಎಷ್ಟು ಪ್ರತಿ ಮಾಡಿದರೂ ಎಲ್ಲವೂ ಒಂದೇ. ರೂಟ್ ಎನ್ನುವುದು ಬೇರೆಯೇ ಒಂದು ಪ್ರಮಾಣಪತ್ರ. ಅದು ತನಗೆ ತಾನೇ ಸಹಿ ಹಾಕಿಕೊಂಡಿರುತ್ತದೆ, ನಮ್ಮ ಯಂತ್ರದಲ್ಲಿ ಮೊದಲೇ ಕೂತಿರುತ್ತದೆ, ಅದನ್ನು ನಂಬಿಯೇ ಉಳಿದವನ್ನು ಪರೀಕ್ಷಿಸುತ್ತೇವೆ. ಸರ್ವರು ಸಾಮಾನ್ಯವಾಗಿ ಅದನ್ನು ಕಳಿಸುವುದೂ ಇಲ್ಲ.

ಇಂಟರ್‌ಮೀಡಿಯೆಟ್ ಸರ್ಟಿಫಿಕೇಟಿನದೂ ಇದೇ ಪಾಡು. ‘ಮಧ್ಯಂತರ ಪ್ರಮಾಣಪತ್ರ’ ಎಂದರೆ ಪೇಪರ್ ಓದುವವರಿಗೆಲ್ಲ ಮಧ್ಯಂತರ ಆದೇಶ, ಮಧ್ಯಂತರ ಪರಿಹಾರ ನೆನಪಾಗುತ್ತವೆ. ಸದ್ಯಕ್ಕೆ ಇದು, ಅಂತಿಮದ್ದು ಆಮೇಲೆ ಬರುತ್ತದೆ ಎಂದು ಮನಸ್ಸು ತಾನಾಗಿ ಅರ್ಥ ಮಾಡಿಕೊಂಡುಬಿಡುತ್ತದೆ. ಇದರಲ್ಲಿ ತಾತ್ಕಾಲಿಕವಾದದ್ದು ಏನೂ ಇಲ್ಲ. ರೂಟಿನಿಂದ ಸರ್ವರಿನ ಪ್ರಮಾಣಪತ್ರದವರೆಗೆ ಒಂದು ಇನ್ನೊಂದಕ್ಕೆ ಸಹಿ ಹಾಕುತ್ತಾ ಬರುವ ಸರಪಳಿಯ ನಡುವಿನ ಕೊಂಡಿ ಇದು, ಅಷ್ಟೇ.

ನನಗೆ ಒಪ್ಪಿಗೆಯಾಗಿರುವುದು ‘ಬುಡ, ನಡು, ತುದಿ’ ಎಂಬ ಮೂರು ಪದ. ಬುಡದ ಪ್ರಮಾಣಪತ್ರ, ನಡುವಿನ ಪ್ರಮಾಣಪತ್ರ, ತುದಿಯ ಪ್ರಮಾಣಪತ್ರ. ‘ಬುಡದಿಂದ ತುದಿಯವರೆಗೆ’ ಎಂದು ಹೇಗೂ ಆಡುತ್ತೇವೆ, ಸರಪಳಿ ಎಲ್ಲಿ ತುಂಡಾಗಿದೆ ಎಂದು ಹೇಳಲೂ ಇದು ಅನುಕೂಲ. ಸಹೋದ್ಯೋಗಿಯೊಬ್ಬರು ‘ತಾಯಿಬೇರು’ ಎಂದರು. ಪದ ಬಹಳ ಚಂದ, ಆದರೆ ತಾಯಿಬೇರು ಬಂದರೆ ಎಲೆ, ಕೊಂಬೆ ಎಲ್ಲ ಹಿಂದೆಯೇ ಬರಬೇಕಾಗುತ್ತದೆ. ಬುಡವೇ ಸಾಕು ಎಂದು ನನ್ನ ಅಭಿಪ್ರಾಯ.

ಇನ್ನು ‘ಪ್ರಮಾಣಪತ್ರ’ ಎಂಬುದೇ ಎರಡು ಕಡೆ ಎಳೆಯುವ ಪದ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರಗಳಲ್ಲಿ ನಮ್ಮ ಬಗ್ಗೆ ಇನ್ನೊಬ್ಬರು, ಅಂದರೆ ತಹಶೀಲ್ದಾರರು, ಖಾತ್ರಿ ಕೊಡುತ್ತಾರೆ. ನೋಟರಿ ಮುಂದೆ ಮಾಡಿಸುವ ಪ್ರಮಾಣಪತ್ರದಲ್ಲಿ ನಮ್ಮ ಬಗ್ಗೆ ನಾವೇ ಪ್ರಮಾಣ ಮಾಡಿ ಹೇಳುತ್ತೇವೆ. ಅದು ಅಫಿಡವಿಟ್ಟು. ಓಪನ್‌ಎಸ್‌ಎಸ್‌ಎಲ್ ಲೋಕದಲ್ಲಿ ಎರಡೂ ಉಂಟು. ಪ್ರಾಧಿಕಾರ, ಅಂದರೆ ಪ್ರಮಾಣಪತ್ರ ಕೊಡುವ ಸಂಸ್ಥೆ, ಸಹಿ ಹಾಕಿ ಕೊಟ್ಟದ್ದು ತಹಶೀಲ್ದಾರರ ಪತ್ರದ ಜಾತಿ. ಲ್ಯಾಬಿನಲ್ಲಿ ಮಕ್ಕಳು ತಾವೇ ಸಹಿ ಹಾಕಿಕೊಂಡು ಮಾಡುವುದು ಅಫಿಡವಿಟ್ಟಿನ ಜಾತಿ. ಓಪನ್‌ಎಸ್‌ಎಸ್‌ಎಲ್ ಅದನ್ನು ನಂಬದೆ ದೋಷ 18 ಏಕೆ ಕೊಡುತ್ತದೆ ಎಂಬುದು ಇಷ್ಟು ಹೇಳಿದರೆ ಅವರಿಗೆ ತಿಳಿದುಹೋಗುತ್ತದೆ. ಹಾಗಾಗಿ ಪ್ರಮಾಣಪತ್ರ ಎಂಬ ಪದವನ್ನು ಬಿಡುವ ಮನಸ್ಸಿಲ್ಲ. ‘ದೃಢೀಕರಣ ಪತ್ರ’ ಎನ್ನಬಹುದಿತ್ತು, ಆದರೆ ಫೋನಿನ ಆ್ಯಪುಗಳಲ್ಲಿ ದೃಢೀಕರಣ ಎಂಬುದು ಒಟಿಪಿ ಹಾಕಿ ನಾನೇ ಎಂದು ತೋರಿಸಿಕೊಳ್ಳುವ ಕೆಲಸಕ್ಕೆ ಆಗಲೇ ನಿಂತುಬಿಟ್ಟಿದೆ.

ಸರಪಳಿ ತೋರಿಸುವಾಗ ಎಸ್_ಕ್ಲೈಂಟ್ ಪ್ರತಿ ಪ್ರಮಾಣಪತ್ರಕ್ಕೂ ಬರೆಯುವ ಸಾಲುಗಳಲ್ಲಿ ಮೊದಲ ಎರಡು ಮುಖ್ಯ: ‘ಎಸ್’ ಅಕ್ಷರದಿಂದ ಒಂದು, ‘ಐ’ ಅಕ್ಷರದಿಂದ ಇನ್ನೊಂದು. ಎಸ್ ಅಂದರೆ ಸಬ್ಜೆಕ್ಟ್, ಐ ಅಂದರೆ ಇಶ್ಯೂಯರ್. ಸಬ್ಜೆಕ್ಟ್ ಎಂಬುದನ್ನು ಕಣ್ಣು ಮುಚ್ಚಿ ‘ವಿಷಯ’ ಎಂದು ಮಾಡಿದರೆ ಕೆಟ್ಟಿತು, ಅರ್ಜಿಯ ಮೇಲೆ ಬರೆಯುವ ವಿಷಯ ಎಂದೇ ತಿಳಿಯುತ್ತಾರೆ. ನಾನು ‘ಯಾರ ಹೆಸರಿಗೆ’ ಮತ್ತು ‘ಕೊಟ್ಟವರು’ ಎಂದು ಬರೆದಿದ್ದೇನೆ. ಒಂದರ ‘ಕೊಟ್ಟವರು’ ಮುಂದಿನದರ ‘ಯಾರ ಹೆಸರಿಗೆ’ ಆಗಿರಬೇಕು, ಬುಡದಲ್ಲಿ ಎರಡೂ ಒಂದೇ ಆಗಿರುತ್ತವೆ. ಇದನ್ನು ಓದಿ ಹೇಳಲು ಯಾವ ಹುಡುಗನೂ ತಡವರಿಸುವುದಿಲ್ಲ.

ಎರಡನೆಯದು ‘ಕೀಲಿ’. ತುಮಕೂರು, ಕೋಲಾರದ ಕಡೆ ಮನೆಗೆ ಹಾಕುವುದು ಬೀಗ, ತೆಗೆಯುವುದು ಬೀಗದ ಕೈ. ಕೀಲಿಮಣೆ, ಕೀಲಿಪದ ಎಂಬ ಪುಸ್ತಕದ ಪದಗಳಿಂದ ನಮ್ಮ ಮಕ್ಕಳಿಗೆ ಕೀಲಿ ಎಂದರೆ ಕೀ ಎಂದು ಗೊತ್ತಿದೆ. ಉತ್ತರ ಕರ್ನಾಟಕದಲ್ಲಿ ಕೀಲಿ ಅಂದರೆ ಬೀಗವೇ, ಅದನ್ನು ತೆಗೆಯುವುದು ಕೀಲಿಕೈ. ಕೈಪಿಡಿ ಆ ಕಡೆಯವರ ಕೈಗೂ ಹೋಗಬಹುದು. ಅವರು ‘ಸಾರ್ವಜನಿಕ ಕೀಲಿ’ಯನ್ನು (ಜೋಡಿ ಕೀಲಿಗಳಲ್ಲಿ ಎಲ್ಲರಿಗೂ ಕೊಡುವಂಥದ್ದು, ಪಬ್ಲಿಕ್ ಕೀ) ಸಾರ್ವಜನಿಕ ಬೀಗ ಎಂದು ಓದಿಕೊಂಡರೆ ಏನಾಗುತ್ತದೆ ಎಂದು ಯೋಚಿಸಿದೆ. ಎನ್‌ಕ್ರಿಪ್ಟ್ ಮಾಡುವ, ಅಂದರೆ ಬೇರೆಯವರು ಓದಲಾಗದಂತೆ ಗುಟ್ಟಾಗಿಸುವ ಕೆಲಸದಲ್ಲಿ ಆ ಓದು ಸರಿಯಾಗಿಯೇ ಕೂರುತ್ತದೆ! ಆ ಬೀಗವನ್ನು ಯಾರಿಗೆ ಬೇಕಾದರೂ ಕೊಡಬಹುದು, ಹಾಕುವುದು ಯಾರ ಕೈಲೂ ಆಗುತ್ತದೆ, ತೆಗೆಯಲು ಮಾತ್ರ ನನ್ನ ಹತ್ತಿರ ಇರುವುದೇ ಬೇಕು. ಸಹಿಯ ವಿಷಯಕ್ಕೆ ಬಂದಾಗ ಅದು ನಿಲ್ಲುವುದಿಲ್ಲ. ಸಹಿ ಹಾಕುವುದು ನನ್ನ ಹತ್ತಿರ ಇರುವುದರಿಂದ, ಪರೀಕ್ಷಿಸುವುದು ಎಲ್ಲರಿಗೂ ಕೊಟ್ಟದ್ದರಿಂದ. ಬೀಗವನ್ನು ಹಿಡಿದು ಸಹಿ ಪರೀಕ್ಷಿಸುವುದು ಎಂದರೆ ಅರ್ಥವಾಗದು. ಆದ್ದರಿಂದ ಕೀಲಿ ಎಂದರೆ ಕೀ ಎಂದು ಕೈಪಿಡಿಯ ಮೊದಲ ಪುಟದಲ್ಲೇ ಹೇಳಿ ಮುಂದಕ್ಕೆ ಹೋಗುವುದೇ ಕ್ಷೇಮ.

ಅದಕ್ಕಿಂತ ಹೆಚ್ಚು ಕಾಡುತ್ತಿರುವುದು, ನನ್ನ ಹತ್ತಿರವೇ ಉಳಿಯುವ ಕೀಲಿಗೆ (ಪ್ರೈವೇಟ್ ಕೀ) ಹೇಳುವ ‘ಖಾಸಗಿ’ ಎಂಬ ಪದ. ಪಾವಗಡದ ರಸ್ತೆಯಲ್ಲಿ ಖಾಸಗಿ ಬಸ್ಸು, ಊರಲ್ಲಿ ಖಾಸಗಿ ಶಾಲೆ, ಖಾಸಗಿ ಆಸ್ಪತ್ರೆ. ಖಾಸಗಿ ಎಂದರೆ ಸರ್ಕಾರದ್ದಲ್ಲದ್ದು ಎಂಬ ಅರ್ಥ ದಿನನಿತ್ಯದ ಮಾತಿನಲ್ಲಿ ಬೇರೂರಿದೆ. ‘ಖಾಸಗಿ ಕೀಲಿಯನ್ನು ಯಾವುದಾದರೂ ಕಂಪನಿಯಿಂದ ತಗೋಬೇಕಾ’ ಎಂಬ ಪ್ರಶ್ನೆ ನಮ್ಮಲ್ಲಿ ಬಂದದ್ದು ಹೀಗೇ. ‘ಗುಟ್ಟಿನ ಕೀಲಿ’ ಎಂದರೆ ಇನ್ನೊಂದು ತೊಂದರೆ. ಎಇಎಸ್‌ನಂಥ ಎನ್‌ಕ್ರಿಪ್ಟ್ ವಿಧಾನದಲ್ಲಿ ಎರಡೂ ಕಡೆಯವರು ಇಟ್ಟುಕೊಳ್ಳುವ ಒಂದೇ ಕೀಲಿಯಿದೆಯಲ್ಲ, ಆ ಹೆಸರು ಅದಕ್ಕೆ ಬೇಕು. ನನ್ನ ಮನಸ್ಸು ‘ಅಂತರಂಗ ಕೀಲಿ, ಬಹಿರಂಗ ಕೀಲಿ’ ಎಂಬ ಜೋಡಿಯ ಕಡೆಗಿದೆ. ವಚನ ಕೇಳಿ ಬೆಳೆದವರ ಕಿವಿಗೆ ಅಂತರಂಗ ಬಹಿರಂಗ ಜೊತೆಯಾಗಿಯೇ ಕೇಳಿಸುತ್ತವೆ, ಒಂದು ಅಂದೊಡನೆ ಇನ್ನೊಂದು ನೆನಪಾಗುತ್ತದೆ. ಈ ಎರಡು ಕೀಲಿಗಳೂ ಹುಟ್ಟುವಾಗಲೇ ಜೋಡಿ.

ಮೂರನೆಯದನ್ನು ಬರೀ ಪದದ ಪ್ರಶ್ನೆ ಎಂದು ಬಿಡಲಾಗದು, ಸುರಕ್ಷತೆಯ ಪ್ರಶ್ನೆಯೂ ಹೌದು. ಎನ್‌ಕೋಡ್ ಮತ್ತು ಎನ್‌ಕ್ರಿಪ್ಟ್ ಎರಡಕ್ಕೂ ‘ಸಂಕೇತೀಕರಣ’ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಜೆನ್‌ಪಿಕೀ ಎಂಬ ಕಮಾಂಡಿನಿಂದ ಕೀಲಿ ಮಾಡಿದರೆ ಪೆಮ್ ಫೈಲು ಬರುತ್ತದೆ. ತೆರೆದು ನೋಡಿದರೆ ಐದೈದು ಅಡ್ಡಗೆರೆಗಳ ನಡುವೆ ‘ಬಿಗಿನ್ ಪ್ರೈವೇಟ್ ಕೀ’ ಎಂಬ ಸಾಲು, ಅದರ ಕೆಳಗೆ ಸಾಲಿಗೆ 64ರಂತೆ ಅರ್ಥವಿಲ್ಲದ ಅಕ್ಷರ, ಅಂಕಿಗಳು. ಓದಲಾಗುವುದಿಲ್ಲ, ಆದ್ದರಿಂದ ಭದ್ರವಾಗಿದೆ ಎಂದು ಮಕ್ಕಳು ನಂಬುತ್ತಾರೆ. ಅದು ಬೇಸ್64 ಎಂಬ ಬರವಣಿಗೆಯ ಕ್ರಮ ಮಾತ್ರ, ಯಾರು ಬೇಕಾದರೂ ಬಿಡಿಸಿಕೊಳ್ಳಬಹುದು. ಕೀಲಿ ಮಾಡುವಾಗಲೇ ಎನ್‌ಕ್ರಿಪ್ಟ್ ವಿಧಾನದ ಹೆಸರನ್ನೂ ಕೊಟ್ಟು ಪಾಸ್‌ಫ್ರೇಜ್ ಹಾಕಿದ್ದರೆ ಮೊದಲ ಸಾಲು ‘ಬಿಗಿನ್ ಎನ್‌ಕ್ರಿಪ್ಟೆಡ್ ಪ್ರೈವೇಟ್ ಕೀ’ ಎಂದಿರುತ್ತದೆ. ಆ ಒಂದು ಪದ ಇಲ್ಲದ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಗೆಳೆಯನಿಗೆ ಕೊಟ್ಟರೆ ಕೀಲಿಯನ್ನೇ ಕೊಟ್ಟಂತೆ. ಎನ್‌ಕೋಡ್‌ಗೆ ‘ಸಂಕೇತೀಕರಣ’ ಇರಲಿ, ಯುನಿಕೋಡ್ ವಿಷಯದಲ್ಲಿ ಆ ಬಳಕೆ ನೆಲೆನಿಂತಿದೆ. ಎನ್‌ಕ್ರಿಪ್ಟ್‌ಗೆ ‘ಗೂಢಲಿಪೀಕರಣ’ ಎನ್ನಿ, ಇಲ್ಲವೇ ಎನ್‌ಕ್ರಿಪ್ಟ್ ಎಂದೇ ಬರೆಯಿರಿ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಸಹಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಡಕಚೇರಿಯ ಪತ್ರಗಳಿಂದಾಗಿ ‘ಡಿಜಿಟಲ್ ಸಹಿ’ ಎಲ್ಲರಿಗೂ ಪರಿಚಿತ. ಅದು ಸ್ಕ್ಯಾನ್ ಮಾಡಿದ ಕೈಬರಹದ ಚಿತ್ರ ಎಂಬ ತಿಳಿವಳಿಕೆಯೊಂದನ್ನು ಬಿಡಿಸಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಡಿಜಿಟಲ್ ಸಹಿ ಎಂದಿರುವುದು ಜೋಡಿ ಕೀಲಿ ಮತ್ತು ಹ್ಯಾಶ್‌ನ (ಫೈಲಿನಲ್ಲಿರುವುದೆಲ್ಲವನ್ನೂ ಲೆಕ್ಕಹಾಕಿ ತೆಗೆದ ಚಿಕ್ಕ ಗುರುತು) ಲೆಕ್ಕದಿಂದ ಬರುವ ಸಹಿಯನ್ನೇ. ವೆರಿಫೈ ಎಂಬುದಕ್ಕೆ ‘ಪರಿಶೀಲನೆ’ ಎನ್ನುವುದಕ್ಕಿಂತ ‘ತಾಳೆ ನೋಡುವುದು’ ನನಗೆ ಇಷ್ಟ. ಪರಿಶೀಲನೆ ಎಂದರೆ ಅರ್ಜಿ ಯಾವುದೋ ಮೇಜಿನ ಮೇಲಿದೆ, ಕಾಯಬೇಕು ಎಂದಂತೆ ಕೇಳುತ್ತದೆ. ತಾಳೆ ನೋಡಿದರೆ ಹೊಂದುತ್ತದೆ, ಇಲ್ಲವೇ ಇಲ್ಲ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾಗಿದ್ದರೂ ಓಪನ್‌ಎಸ್‌ಎಸ್‌ಎಲ್ ತಾಳೆಯಾಗಲಿಲ್ಲ ಎಂದೇ ಹೇಳುತ್ತದೆ.

ಹ್ಯಾಶ್ ಹ್ಯಾಶ್ ಆಗಿಯೇ ಇರಲಿ. ಪ್ರಮಾಣಪತ್ರದ ಹ್ಯಾಶ್‌ಗೆ ಇರುವ ಹೆಸರು ಫಿಂಗರ್‌ಪ್ರಿಂಟ್ ಎಂಬುದಕ್ಕೆ ‘ಬೆರಳಚ್ಚು’ ಎಂದರೆ ಟೈಪಿಂಗ್ ನೆನಪಾಗುತ್ತದೆ, ‘ಹೆಬ್ಬೆಟ್ಟು’ ಎಂದರೆ ಓದು ಬಾರದವರು ನೆನಪಾಗುತ್ತಾರೆ. ‘ಬೆರಳುಗುರುತು’ ಎಂದು ಹಾಕಿದ್ದೇನೆ. ಎಕ್ಸ್‌ಪೈರ್ ಆಗುವುದಕ್ಕೆ ‘ಅವಧಿ ಮುಗಿದಿದೆ’, ನಡುವೆಯೇ ರಿವೋಕ್ ಮಾಡುವುದಕ್ಕೆ ‘ರದ್ದು’. ಈ ಎರಡನ್ನು ಬೆರೆಸಬಾರದು ಅಷ್ಟೇ. ‘ನವೀಕರಣ’ ಇನ್ನು ಮುಂದೆ ಬಾಯಿಪಾಠವಾಗುವ ಪದ: ವೆಬ್ ಪ್ರಮಾಣಪತ್ರಗಳ ಗರಿಷ್ಠ ಅವಧಿ 2020ರ ಸೆಪ್ಟೆಂಬರಿನಲ್ಲಿ 398 ದಿನಕ್ಕೆ ಇಳಿದಿತ್ತು, 2026ರ ಮಾರ್ಚ್ 15ರಿಂದ 200 ದಿನ, 2029ರ ಮಾರ್ಚ್ 15ರಿಂದ 47 ದಿನ ಎಂದು ನಿಗದಿಯಾಗಿದೆ.

ಅರ್ಜಿ ಬರೆಯುವ ರೆಕ್ ಕಮಾಂಡಿನ ಬಗ್ಗೆ ಒಂದು ಖುಷಿಯ ಸಂಗತಿ ಹೇಳಬೇಕು. ಅದು ದೇಶ, ರಾಜ್ಯ, ಊರು, ಸಂಸ್ಥೆ ಎಂದು ಒಂದೊಂದಾಗಿ ಕೇಳುತ್ತಾ ಹೋಗುತ್ತದೆ. ಏನನ್ನೂ ಬದಲಿಸದಿದ್ದರೆ ದೇಶದ ಜಾಗದಲ್ಲಿ ಆಸ್ಟ್ರೇಲಿಯಾದ ಎರಡಕ್ಷರದ ಗುರುತು ಮೊದಲೇ ತುಂಬಿರುತ್ತದೆ, ಮೊದಲ ಲೇಖಕರ ನಾಡಿನ ನೆನಪು ಅದು. ದೇಶದ ಗುರುತು ಇಂಗ್ಲಿಷಿನಲ್ಲೇ ಇರಬೇಕು. ಊರಿನ ಹೆಸರನ್ನು ಮಾತ್ರ ಯುಟಿಎಫ್8 ಆಯ್ಕೆ ಕೊಟ್ಟು ಕನ್ನಡ ಲಿಪಿಯಲ್ಲೇ ಬರೆಯಬಹುದು. ‘ತುಮಕೂರು’ ಎಂದು ಟೈಪ್ ಮಾಡಿದರೆ 21 ಬೈಟುಗಳಾಗಿ ಪ್ರಮಾಣಪತ್ರದೊಳಗೆ ಹೋಗಿ ಕೂರುತ್ತದೆ. 2014ರ ನವೆಂಬರ್ 1ರಂದು ಇಂಗ್ಲಿಷ್ ಕಾಗುಣಿತ ಬದಲಾದ ಮೇಲೂ ಹಳೆಯದೋ ಹೊಸದೋ ಎಂದು ಕೇಳುತ್ತಲೇ ಇರುವ ನಮಗೆ ಇದು ಸಣ್ಣ ಅನುಕೂಲವೇನಲ್ಲ. ‘ಕಾಮನ್ ನೇಮ್’ ಎಂದು ಕೇಳುವಲ್ಲಿ ಮಾತ್ರ ‘ಸಾಮಾನ್ಯ ಹೆಸರು’ ಎಂದು ಅನುವಾದಿಸಬಾರದು, ಮನೆಯಲ್ಲಿ ಕರೆಯುವ ಹೆಸರನ್ನು ಹಾಕಿಬಿಡುತ್ತಾರೆ. ಅಲ್ಲಿ ಬೇಕಾದದ್ದು ಸರ್ವರಿನ ಹೆಸರು, ಹಾಗೆಂದೇ ಬರೆಯಬೇಕು. ಕ್ರೋಮ್ ಬ್ರೌಸರು 2017ರಿಂದ ಆ ಜಾಗವನ್ನು ನೋಡುವುದನ್ನೇ ಬಿಟ್ಟಿದೆ, ಪರ್ಯಾಯ ಹೆಸರುಗಳ ಪಟ್ಟಿಯಲ್ಲಿ ಇದ್ದರೆ ಮಾತ್ರ ಒಪ್ಪುತ್ತದೆ.

ಬಲ್ಲವರು ತಿಳಿಸಬೇಕಾದದ್ದು ಇಷ್ಟು. ಬುಡ, ನಡು, ತುದಿ ಎಂಬುದು ಬರವಣಿಗೆಯಲ್ಲಿ ನಿಲ್ಲುತ್ತದೆಯೇ, ಅಥವಾ ಇದಕ್ಕಿಂತ ಒಳ್ಳೆಯದು ಯಾರಾದರೂ ಬಳಸುತ್ತಿದ್ದೀರಾ? ಅಂತರಂಗ ಕೀಲಿ ಎಂಬುದು ನಿಮ್ಮ ಕಿವಿಗೆ ತೀರಾ ಅಧ್ಯಾತ್ಮವಾಗಿ ಕೇಳುತ್ತದೆಯೇ? ಧಾರವಾಡ, ಕಲಬುರಗಿ ಕಡೆಯ ಹಿರಿಯರು ಪಾಠ ಮಾಡುವಾಗ ಕೀಲಿ ಎನ್ನುತ್ತೀರೋ, ಕೀಲಿಕೈ ಎನ್ನುತ್ತೀರೋ? ಹಾಗೆಯೇ ಪಾವಗಡ, ಮುಳಬಾಗಿಲು, ಬಾಗೇಪಲ್ಲಿ, ಚಿಂತಾಮಣಿಯವರಲ್ಲಿ ಒಂದು ಕೇಳಿಕೆ. ಮನೆಯಲ್ಲಿ ತೆಲುಗಿನ ‘ತಾಳಂ ಚೆವಿ’ ಎನ್ನುವ ಮಕ್ಕಳಿಗೆ ತರಗತಿಯಲ್ಲಿ ಯಾವ ಪದ ಬೇಗ ಹತ್ತುತ್ತದೆ, ಕೀಲಿಯೋ, ಬೀಗದ ಕೈಯೋ? ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ, ಪದ ಬದಲಿಸಲು ಸಮಯವಿದೆ.